ಆನ್‌ಲೈನ್ ಕಮಿಷನ್ ಮಾರಾಟದಲ್ಲಿ ಪಾಲುದಾರರ ವಂಚನೆ: ಮುನ್ನೆಚ್ಚರಿಕೆ ಮತ್ತು ದೂರು ಸಲ್ಲಿಸುವ ವಿಧಾನ

1. ಪೀಠಿಕೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ತಂಬಾಕು ಬೆಳೆಗಾರರು ತಮ್ಮ ಬೆಳೆಯನ್ನು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳ ಮೂಲಕ ಮಾರಾಟ ಮಾಡುತ್ತಾರೆ. ಅಲ್ಲಿ ಪ್ರತಿ ಬೇಲಿನ ತೂಕ, ಬೆಲೆ ಹಾಗೂ ಖರೀದಿದಾರರ ವಿವರ ದಾಖಲಾಗುತ್ತದೆ. ಜೇನುತುಪ್ಪ, ಸಾಂಬಾರ ಪುಡಿ, ಹಪ್ಪಳ, ಕರಕುಶಲ ವಸ್ತುಗಳನ್ನು ಅಂತರ್ಜಾಲದ ಮೂಲಕ ಮಾರುವ ಸ್ವಸಹಾಯ ಸಂಘಗಳಿಗೆ ಹಾಗೂ ಸಣ್ಣ ಉದ್ದಿಮೆದಾರರಿಗೆ ಇಂತಹ ಮಾರುಕಟ್ಟೆ ಇರುವುದಿಲ್ಲ. ಲೆಕ್ಕವನ್ನು ಅವರೇ ಇಡಬೇಕಾಗುತ್ತದೆ. ಕಮಿಷನ್ ಪಾವತಿಸಿದ ನಂತರ ಹಣವನ್ನು ವಾಪಸು ಪಡೆಯುವುದು ಕಷ್ಟಸಾಧ್ಯವಾದ್ದರಿಂದ, ಪಾವತಿಗೆ ಮುನ್ನವೇ ಪರಿಶೀಲಿಸುವುದು ಅತ್ಯಗತ್ಯ.

2. ವ್ಯವಸ್ಥೆಯ ಸ್ವರೂಪ

ಮಾರಾಟಗಾರರು ಪ್ರತಿಯೊಬ್ಬ ಪ್ರಚಾರಕರಿಗೂ ಪ್ರತ್ಯೇಕ ಸಂಕೇತವುಳ್ಳ ಕೊಂಡಿಯನ್ನು (ಲಿಂಕ್) ನೀಡುತ್ತಾರೆ. ಆ ಕೊಂಡಿಯ ಮೂಲಕ ಗ್ರಾಹಕರು ವಸ್ತುವನ್ನು ಕೊಂಡಲ್ಲಿ ಪ್ರಚಾರಕರಿಗೆ ನಿಗದಿತ ಕಮಿಷನ್ ಸಲ್ಲುತ್ತದೆ. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಹೆಸರು. ಇಂತಹ ಪ್ರಚಾರಕರನ್ನು ವಾಡಿಕೆಯಲ್ಲಿ ‘ಪಾಲುದಾರರು’ ಎಂದು ಕರೆದರೂ, ಕಮಿಷನ್ ಪಡೆಯುವ ಕಾರಣಕ್ಕಷ್ಟೇ ಅವರು ಭಾರತೀಯ ಪಾಲುದಾರಿಕೆ ಅಧಿನಿಯಮ, 1932ರ ಅರ್ಥದಲ್ಲಿ ಪಾಲುದಾರರಾಗುವುದಿಲ್ಲ. ಅವರ ಹಕ್ಕು ಬಾಧ್ಯತೆಗಳನ್ನು ಒಪ್ಪಂದವು ನಿರ್ಧರಿಸುತ್ತದೆ.

3. ವಂಚನೆಯ ಸಾಮಾನ್ಯ ವಿಧಗಳು

ಅ) ಸುಳ್ಳು ಆರ್ಡರ್: ಪಾಲುದಾರರು ಕಲ್ಪಿತ ಹೆಸರುಗಳಲ್ಲಿ ‘ವಸ್ತು ತಲುಪಿದಾಗ ಹಣ’ ಎಂಬ ಷರತ್ತಿನ ಮೇಲೆ ಆರ್ಡರ್ ಮಾಡಿ ಕಮಿಷನ್ ಪಡೆಯುವುದು. ಉದಾಹರಣೆಗೆ, ತಲಾ 400 ರೂ. ಬೆಲೆಯ 20 ಸುಳ್ಳು ಆರ್ಡರ್‌ಗಳಿಗೆ ಶೇ. 10ರಂತೆ ಕಮಿಷನ್ 800 ರೂ. ಆಗುತ್ತದೆ. ಪಾರ್ಸೆಲ್ ಕಳುಹಿಸಲು 60 ರೂ. ಹಾಗೂ ಹಿಂದಿರುಗಲು 60 ರೂ. ವೆಚ್ಚವಾದಲ್ಲಿ ಮತ್ತೆ 2,400 ರೂ. ಸೇರಿ ಒಟ್ಟು ನಷ್ಟ 3,200 ರೂ. ಆಗುತ್ತದೆ.

ಆ) ಸಲ್ಲದ ಕಮಿಷನ್: ಗ್ರಾಹಕರು ಕೊಂಡಿಯನ್ನು ಒತ್ತದಿದ್ದರೂ ಅವರ ಕಂಪ್ಯೂಟರಿನಲ್ಲಿ ‘ಕುಕಿ’ ಎಂಬ ಗುರುತು ಕಡತವನ್ನು ಗುಟ್ಟಾಗಿ ಸೇರಿಸಿ, ಅವರು ತಾವಾಗಿಯೇ ಮಾಡಿದ ಖರೀದಿಗೆ ಕಮಿಷನ್ ಪಡೆಯುವುದು.

ಇ) ನಕಲಿ ಪುಟ: ಮಾರಾಟಗಾರರ ಹೆಸರು ಮತ್ತು ಚಿತ್ರಗಳನ್ನು ಬಳಸಿ ಗ್ರಾಹಕರಿಂದ ಸ್ವಂತ ಖಾತೆಗೆ ಹಣ ಪಡೆಯುವುದು.

ಈ) ಸುಳ್ಳು ಪ್ರಚಾರ: ಜೇನುತುಪ್ಪದಿಂದ ಮಧುಮೇಹ ವಾಸಿಯಾಗುತ್ತದೆ ಎಂಬಂತಹ ಹೇಳಿಕೆ ನೀಡುವುದು. ಆಹಾರ ಪದಾರ್ಥದ ಬಗ್ಗೆ ತಪ್ಪುದಾರಿಗೆಳೆಯುವ ಜಾಹೀರಾತಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಪ್ರಕರಣ 53ರಂತೆ 10 ಲಕ್ಷ ರೂ.ವರೆಗೆ ದಂಡ ವಿಧಿಸಬಹುದಾಗಿದೆ. ಏಜೆಂಟರು ತಮ್ಮ ಕೆಲಸದ ವ್ಯಾಪ್ತಿಯಲ್ಲಿ ನೀಡಿದ ಸುಳ್ಳು ಹೇಳಿಕೆಯ ಹೊಣೆಯು ಮಾರಾಟಗಾರರ ಮೇಲೂ ಬರಬಹುದು.

4. ಒಂದು ನಿದರ್ಶನ

ಅಮೆರಿಕದ ಇಬೇ ಸಂಸ್ಥೆಯು ಮೇಲಿನ (ಆ) ವಿಧದ ವಂಚನೆಗೆ ಗುರಿಯಾಯಿತು. ಸಂಸ್ಥೆಯಿಂದ ಅತಿ ಹೆಚ್ಚು ಕಮಿಷನ್ ಪಡೆಯುತ್ತಿದ್ದ ಶಾನ್ ಹೋಗನ್ ಮತ್ತು ಬ್ರಯಾನ್ ಡನ್ನಿಂಗ್ ಅವರ ವಿರುದ್ಧ 2008ರಲ್ಲಿ ದಾವೆ ಹೂಡಲಾಯಿತು. ಮುಂದೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು. 2014ರಲ್ಲಿ ಅವರಿಗೆ ಕ್ರಮವಾಗಿ 5 ತಿಂಗಳು ಮತ್ತು 15 ತಿಂಗಳ ಸೆರೆವಾಸ ವಿಧಿಸಲಾಯಿತು. ಅತಿ ಹೆಚ್ಚು ಮಾರಾಟ ತೋರಿಸುವ ಪಾಲುದಾರರ ಲೆಕ್ಕವನ್ನೂ ತಪ್ಪದೆ ಪರಿಶೀಲಿಸಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

5. ಒಪ್ಪಂದದಲ್ಲಿ ಇರಬೇಕಾದ ಅಂಶಗಳು

* ಪಾಲುದಾರರ ಹೆಸರು, ವಿಳಾಸ, ಪಾನ್ ಮತ್ತು ಅವರದೇ ಹೆಸರಿನ ಬ್ಯಾಂಕ್ ಖಾತೆಯ ವಿವರ.
* ಗ್ರಾಹಕರಿಂದ ಹಣ ಸಂದಾಯವಾಗಿ, ವಸ್ತು ವಾಪಸಾತಿಯ ಅವಧಿ ಮುಗಿದ ನಂತರವೇ ಕಮಿಷನ್ ಪಾವತಿ.
* ಸ್ವಂತ ಖರೀದಿಗೆ ಕಮಿಷನ್ ಇಲ್ಲವೆಂಬ ಷರತ್ತು.
* ಕಮಿಷನ್ ಪಡೆಯುತ್ತಿರುವುದನ್ನು ಪ್ರಚಾರದಲ್ಲಿ ಸ್ಪಷ್ಟವಾಗಿ ತಿಳಿಸುವ ಹೊಣೆ.
* ಮಾರಾಟಗಾರರು ಬರೆದುಕೊಟ್ಟ ವಿವರಣೆಯನ್ನು ಮಾತ್ರ ಬಳಸುವ ಷರತ್ತು.
* ಲೆಕ್ಕ ಕೇಳುವ ಹಾಗೂ ಸಂಶಯಾಸ್ಪದ ಕಮಿಷನ್ ತಡೆಹಿಡಿಯುವ ಅಧಿಕಾರ.

6. ವಂಚನೆ ಕಂಡುಬಂದಾಗ ಅನುಸರಿಸಬೇಕಾದ ಕ್ರಮ

ಮೊದಲಿಗೆ ಸಂಬಂಧಿಸಿದ ಕೊಂಡಿಯನ್ನು ನಿಷ್ಕ್ರಿಯಗೊಳಿಸಿ, ಪಾಲುದಾರರಿಗೆ ಲಿಖಿತ ನೋಟಿಸು ನೀಡಿ ವಿವರಣೆ ಕೇಳತಕ್ಕದ್ದು. ಪಾಲುದಾರರು ಏಜೆಂಟರಾಗಿದ್ದಲ್ಲಿ, ಭಾರತೀಯ ಕರಾರು ಅಧಿನಿಯಮ, 1872ರ ಪ್ರಕರಣ 213ರಂತೆ ಕೇಳಿದಾಗ ಲೆಕ್ಕ ಒಪ್ಪಿಸಲು ಬದ್ಧರಾಗಿರುತ್ತಾರೆ. ಪ್ರಕರಣ 220ರಂತೆ, ದುರ್ನಡತೆ ಎಸಗಿದ ಭಾಗದ ಕೆಲಸಕ್ಕೆ ಅವರು ಪ್ರತಿಫಲಕ್ಕೆ ಅರ್ಹರಾಗುವುದಿಲ್ಲ. ಪ್ರಾಮಾಣಿಕವಾಗಿ ಮಾಡಿದ ಉಳಿದ ಮಾರಾಟದ ಕಮಿಷನ್ನನ್ನು ಈ ಪ್ರಕರಣದ ಆಧಾರದ ಮೇಲೆ ತಡೆಯಲಾಗದು.

ನಕಲಿ ಪುಟ ಅಥವಾ ಹಣ ವರ್ಗಾವಣೆಯ ವಂಚನೆಯಾಗಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು. ಹಣವು ಮುಂದಿನ ಖಾತೆಗಳಿಗೆ ಹೋಗುವ ಮೊದಲು ತಿಳಿಸಿದಲ್ಲಿ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ದೂರನ್ನು ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಬಹುದು. ಅಪರಾಧವು ಆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿಲ್ಲವೆಂಬುದು ದೂರು ನಿರಾಕರಿಸಲು ಕಾರಣವಾಗದು. ವಿದ್ಯುನ್ಮಾನ ಮಾಧ್ಯಮದಲ್ಲಿ ಠಾಣೆಗೆ ಮಾಹಿತಿ ಕಳುಹಿಸಿದವರು 3 ದಿನಗಳೊಳಗೆ ಸಹಿ ಮಾಡಬೇಕಾಗುತ್ತದೆ. ಇಂತಹ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆ, 2023ರ ಪ್ರಕರಣ 318 (ವಂಚನೆ) ಹಾಗೂ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 66ಡಿ (ಕಂಪ್ಯೂಟರ್ ಬಳಸಿ ಸೋಗು ಹಾಕಿ ವಂಚಿಸುವುದು) ಅನ್ವಯವಾಗಬಹುದು.

ಕೇವಲ ಕಮಿಷನ್ ಲೆಕ್ಕದ ವ್ಯಾಜ್ಯವಾಗಿದ್ದಲ್ಲಿ ಲೋಕ ಅದಾಲತ್ ಮೂಲಕ ಶುಲ್ಕವಿಲ್ಲದೆ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ಐತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಮಾನ್ಯತೆ ಇರುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು.

7. ದೂರಿನೊಂದಿಗೆ ಲಗತ್ತಿಸಬೇಕಾದ ದಾಖಲೆಗಳು

* ಒಪ್ಪಂದದ ಪ್ರತಿ ಅಥವಾ ಒಪ್ಪಿಗೆ ತಿಳಿಸಿದ ಸಂದೇಶಗಳು.
* ಆರ್ಡರ್‌ಗಳ ಪಟ್ಟಿ: ದಿನಾಂಕ, ವಿಳಾಸ, ದೂರವಾಣಿ ಸಂಖ್ಯೆ, ಕೊಂಡಿಯ ಸಂಕೇತ.
* ಅಂಚೆ ಅಥವಾ ಕೊರಿಯರ್ ರಸೀದಿಗಳು ಮತ್ತು ವಾಪಸು ಬಂದ ಪಾರ್ಸೆಲ್‌ಗಳ ವಿವರ.
* ಪಾವತಿಯ ಬ್ಯಾಂಕ್ ವಿವರಪಟ್ಟಿ.
* ನಕಲಿ ಪುಟದ ವಿಳಾಸ ಹಾಗೂ ಪರದೆಚಿತ್ರ.

ಸಂದೇಶಗಳಿರುವ ಮೂಲ ಮೊಬೈಲ್ ಫೋನನ್ನು ಕಾಯ್ದಿರಿಸತಕ್ಕದ್ದು, ಸಂದೇಶಗಳನ್ನು ಅಳಿಸಬಾರದು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಪ್ರಕರಣ 63ರ ಪ್ರಮಾಣಪತ್ರ ಅಗತ್ಯವಾಗುತ್ತದೆ.

8. ಪಾಲುದಾರರಾಗಲು ಬಯಸುವವರ ಗಮನಕ್ಕೆ

ಕೊಂಡಿ ಹಂಚುವ ಕೆಲಸಕ್ಕೆ ಮುಂಗಡ ಹಣ ಕೇಳುವವರನ್ನು ನಂಬಬಾರದು. ವಸ್ತುವಿನ ಮಾರಾಟವಿಲ್ಲದೆ, ಹೊಸ ಸದಸ್ಯರನ್ನು ಸೇರಿಸಿದ್ದಕ್ಕೆ ಹಣ ನೀಡುವ ಯೋಜನೆಗಳು ಬಹುಮಾನ ಚೀಟಿ ಮತ್ತು ಹಣ ಪರಿಚಲನೆ ಯೋಜನೆಗಳ (ನಿಷೇಧ) ಅಧಿನಿಯಮ, 1978ರಡಿ ಅಪರಾಧವಾಗಬಹುದು. ಅವುಗಳಿಗೆ ಇತರರನ್ನು ಸೇರಿಸುವವರೂ ಶಿಕ್ಷೆಗೆ ಗುರಿಯಾಗಬಹುದು.

ಹೆಚ್ಚಿನ ಕಾನೂನು ಮಾಹಿತಿಗಾಗಿ ಆಯಾ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು.