ಬೇಸಿಗೆಯ ಮಿರ್ಜಾನ

ಮಿರ್ಜಾನ ಕೋಟೆಯ ಫೋಟೊ ಎಂದರೆ ಹಸಿರು. ಯಾರ ಮೊಬೈಲಿನಲ್ಲಿ ನೋಡಿದರೂ ಅದೇ: ಜುಲೈ-ಆಗಸ್ಟಿನ ಮಳೆ, ಗೋಡೆಯ ತುಂಬ ಹಾವಸೆ, ಮೆಟ್ಟಿಲ ಸಂದಿಯಲ್ಲಿ ಹುಲ್ಲು, ಹಿಂದೆ ಕಪ್ಪು ಮೋಡ. ಮದುವೆಯಾಗಲಿರುವವರು ಬೆಂಗಳೂರಿನಿಂದ ಬಟ್ಟೆ ಗಂಟು ಕಟ್ಟಿಕೊಂಡು ಬಂದು ಈ ಹಸಿರಿನ ನಡುವೆ ನಿಂತು ಹೋಗುತ್ತಾರೆ. ತಪ್ಪೇನಿಲ್ಲ, ಚೆಂದವಾಗಿಯೇ ಇರುತ್ತದೆ. ಆದರೆ ಹತ್ತಾರು ವರ್ಷ ಇಂಥ ಚಿತ್ರಗಳನ್ನು ನೋಡಿದ ಮೇಲೂ ಆ ಕೋಟೆ ಯಾವ ಕಲ್ಲಿನದು, ಬಾಗಿಲು ಎಷ್ಟು, ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ ಹೇಳುವುದು ಕಷ್ಟ. ಹಸಿರು ಎಲ್ಲವನ್ನೂ ಮುಚ್ಚಿರುತ್ತದೆ.

ಅದಕ್ಕೇ ನಾವು ಐದು ಜನ ಗೆಳೆಯರು ಮೇ ತಿಂಗಳಲ್ಲಿ ಹೊರಟೆವು. ಎಲ್ಲರೂ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಈಗ ಒಬ್ಬ ಧಾರವಾಡದಲ್ಲಿ ಪಾಠ ಮಾಡುತ್ತಾನೆ, ಒಬ್ಬಳು ಬೆಂಗಳೂರಿನಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಾಳೆ, ಉಳಿದವರು ಹೊನ್ನಾವರ-ಕುಮಟಾದಲ್ಲೇ ಇದ್ದೇವೆ. ಎರಡು ಕ್ಯಾಮರಾ, ಮೂರು ಮೊಬೈಲು, ಒಂದು ಚೀಲದಲ್ಲಿ ಮಜ್ಜಿಗೆ. ಕುಮಟಾದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹನ್ನೊಂದು ಕಿಲೋಮೀಟರು ಹೋದರೆ ಮಿರ್ಜಾನ. ಅಲ್ಲಿಂದ ಕೋಟೆ ಅರ್ಧ ಕಿಲೋಮೀಟರು. ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮ ಕ್ಯಾಮರಾ ನೋಡಿ, 'ಈಗ ಎಂತ ಅದೆ ತಮಾ ಇಲ್ಲಿ? ಮಳೆಗಾಲದಲ್ಲಿ ಬರೂದಲ್ವಾ?' ಎಂದರು. ಈಗ ಕಲ್ಲು ಕಾಣ್ತದೆ ಅಮ್ಮಾ ಎಂದೆ. ಕಲ್ಲನ್ನು ನೋಡುವುದಕ್ಕೆ ಪೆಟ್ರೋಲು ಸುಟ್ಟುಕೊಂಡು ಬರುವವರೂ ಇದ್ದಾರೆ ಎಂಬುದು ಅವರಿಗೆ ನಗು ತರಿಸಿತು.

ಆದರೆ ಈ ಕಲ್ಲು ನೋಡತಕ್ಕದ್ದೇ. ನಮ್ಮ ಕಡೆ ಚಿರೇಕಲ್ಲು, ದಕ್ಷಿಣ ಕನ್ನಡದಲ್ಲಿ ಮುರಕಲ್ಲು, ಪುಸ್ತಕದಲ್ಲಿ ಜಂಬಿಟ್ಟಿಗೆ. ನೆಲದೊಳಗಿರುವಾಗ ಕೊಡಲಿ ಏಟಿಗೆ ಕಡಿಯುವಷ್ಟು ಮೆತ್ತಗೆ. ಹೊರಗೆ ಬಂದು ಗಾಳಿ-ಬಿಸಿಲು ತಾಗಿದ ಮೇಲೆ ವರ್ಷದಿಂದ ವರ್ಷಕ್ಕೆ ಗಟ್ಟಿ. ಭೂವಿಜ್ಞಾನಕ್ಕೆ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮೇಲೆ, 1800-01ರಲ್ಲಿ, ಕಂಪನಿ ಸರ್ಕಾರಕ್ಕಾಗಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ವರದಿ ಬರೆದ ವೈದ್ಯ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಹೆಸರು ಹುಟ್ಟಿದ್ದು ಮಲಬಾರಿನ ಅಂಗಾಡಿಪುರದ ಕಲ್ಲನ್ನು ನೋಡಿ. ಇಟ್ಟಿಗೆಯ ಹಾಗೆ ಕಡಿದು ಕಟ್ಟುತ್ತಾರಲ್ಲ ಎಂದು ಲ್ಯಾಟಿನ್ನಿನ ಇಟ್ಟಿಗೆಯ ಪದವನ್ನೇ ತಂದು ಜೋಡಿಸಿದ. 1801ರಲ್ಲಿ ಅವನು ಮಿರ್ಜಾನದ ಈ ಹೊಳೆಯ ದಡವನ್ನೂ ದಾಟಿದವನೇ. ನಮ್ಮ ಅಜ್ಜಂದಿರು ಸಾವಿರ ವರ್ಷ ಕಡಿದ ಕಲ್ಲಿಗೆ ಪ್ರಪಂಚದಲ್ಲಿ ಓಡಾಡುವ ಹೆಸರು ಇಟ್ಟವನು ಒಂದು ಬೇಸಿಗೆ ಇಲ್ಲಿ ಹಾದುಹೋದವನು. ಇತಿಹಾಸದಲ್ಲಿ ಇಂಥದ್ದು ತುಂಬ. ಮುಂದೆ ಇನ್ನೂ ಒಂದು ಬರುತ್ತದೆ.

ಬೇಸಿಗೆಯಲ್ಲಿ ಗೋಡೆ ಕೆಂಪಲ್ಲ, ಕಪ್ಪು. ಒಣಗಿದ ಹಾವಸೆ ಮಸಿಯ ಹಾಗೆ ಅಂಟಿಕೊಂಡಿರುತ್ತದೆ. ಈ ಕಪ್ಪು ಬೆಳಕನ್ನು ನುಂಗುವುದರಿಂದ ಹತ್ತು ಗಂಟೆಯ ಮೇಲೆ ತೆಗೆದ ಚಿತ್ರದಲ್ಲಿ ಆಕಾಶ ಬೆಳ್ಳಗೆ, ಗೋಡೆ ಗುಂಡಿಯ ಹಾಗೆ. ಬೆಳಗಿನ ಏಳರಿಂದ ಒಂಬತ್ತರವರೆಗೆ, ಬಿಸಿಲು ಗೋಡೆಗೆ ಓರೆಯಾಗಿ ಬೀಳುವಾಗ ಮಾತ್ರ ಕಲ್ಲಿನ ಸಾಲು ಒಂದೊಂದೂ ಎದ್ದು ಕಾಣುತ್ತದೆ. ಹಾಗೆ ಕಂಡದ್ದು ಇಷ್ಟು: ಎತ್ತರದ ಹೊರಗೋಡೆ, ಅದರ ಸುತ್ತ ಕಂದಕ, ಒಂದು ದೊಡ್ಡ ಬಾಗಿಲು, ಜೊತೆಗೆ ಅಗಲ ಮೆಟ್ಟಿಲಿನ ಮೂರು ಚಿಕ್ಕ ಬಾಗಿಲು, ದುಂಡನೆಯ ಬುರುಜುಗಳು, ಒಳಗೆ ಬಾವಿಗಳು. ಬಾವಿಗಳಿಗೂ ಕಂದಕಕ್ಕೂ ನಡುವೆ ನೀರಿನ ಕಾಲುವೆ. ಮಳೆಗಾಲದಲ್ಲಿ ಇದು ಬರಿಯ ಕೊಳ ಎನಿಸುತ್ತದೆ. ನೀರು ಇಳಿದ ಮೇಲೆ ಕಟ್ಟಿದವರ ಲೆಕ್ಕಾಚಾರ ಗೊತ್ತಾಗುತ್ತದೆ. ನಕ್ಷೆ ಬರೆಯುವ ಗೆಳತಿ ಒಂದು ಬಾವಿಯ ಕಟ್ಟೆಯ ಬಳಿ ಒಂದು ಗಂಟೆ ಕೂತಳು. 'ಇದು ಯುದ್ಧಕ್ಕೆ ಕಟ್ಟಿದ್ದಲ್ಲ ಮಾರಾಯಾ, ಇಲ್ಲಿ ಜನ ವರ್ಷಾನುಗಟ್ಟಲೆ ಇರಬೇಕು ಅಂತ ಕಟ್ಟಿದ್ದು' ಎಂದಳು.

ಯಾರು ಕಟ್ಟಿಸಿದ್ದು? ಊರಿನಲ್ಲಿ ಕೇಳಿದರೆ ಒಂದೇ ಉತ್ತರ: ಚೆನ್ನಭೈರಾದೇವಿ. ಗೇರುಸೊಪ್ಪೆಯ ಸಾಳುವ ರಾಣಿ, ವಿಜಯನಗರಕ್ಕೆ ಮಾಂಡಲಿಕಳು, ಜೈನಳು. 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಆಳಿದಳು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬಿಜಾಪುರದ ಅಧಿಕಾರಿ ಶರೀಫ್-ಉಲ್-ಮುಲ್ಕನ ಹೆಸರು ಹೇಳುವವರೂ ಇದ್ದಾರೆ. 2000-01ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಅಗೆಸಿದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಚೀನಾದ ಪಿಂಗಾಣಿ ಚೂರು, ಫಿರಂಗಿ ಗುಂಡು, ಇಸ್ಲಾಮಿ ಬರಹದ ಫಲಕ ಎಲ್ಲ ಸಿಕ್ಕವು. ನನ್ನ ಮಟ್ಟಿಗೆ ಈ ಪಟ್ಟಿಯೇ ಉತ್ತರ. ಬಂದರಿನ ಕೋಟೆಗೆ ಒಬ್ಬರೇ ಯಜಮಾನರು ಇರುವುದಿಲ್ಲ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಎತ್ತರಿಸುತ್ತಾರೆ, ಮೂರನೆಯವರು ಸುಣ್ಣ ಬಳಿಯುತ್ತಾರೆ. ಚೀನಾದ ಪಿಂಗಾಣಿ ಮಿರ್ಜಾನಕ್ಕೆ ಬಂದದ್ದು ಅಘನಾಶಿನಿಯ ಅಳಿವೆಯಿಂದ, ಹೋದದ್ದು ಮೆಣಸು.

ಕಾಳುಮೆಣಸಿಗಾಗಿಯೇ ಪೋರ್ಚುಗೀಸರು ಅವಳನ್ನು 'ರೈನಾ ದ ಪಿಮೆಂಟಾ', ಮೆಣಸಿನ ರಾಣಿ ಎಂದು ಕರೆದರು. ಈಗ ನಾವು ಅದನ್ನು ಬಿರುದಿನ ಹಾಗೆ ಹೇಳುತ್ತೇವೆ. ಅವರ ಬಾಯಲ್ಲಿ ಅದು ವ್ಯಾಪಾರಿಯ ಮಾತು: ಸರಕಿನ ಹೆಸರಿನಿಂದ ಮಾರುವವಳನ್ನು ಗುರುತಿಸುವುದು. ಕರಾವಳಿಯ ರಾಣಿಯರ ಜೊತೆ ಅವರ ವ್ಯವಹಾರ ಬರಿಯ ಕೊಳ್ಳುವುದಾಗಿರಲಿಲ್ಲ. 1542ರಲ್ಲಿ ಭಟ್ಕಳವನ್ನು ಸುಟ್ಟರು. 1565ರಲ್ಲಿ ವಿಜಯನಗರ ಮುರಿದು ಬಿದ್ದು ಮೇಲಿನ ಆಸರೆ ಹೋಯಿತು. 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದೆ ಹೊನ್ನಾವರದ ಕೋಟೆ ಹಿಡಿದ. ಕೆಳಗೆ ಕಡಲಿನಲ್ಲಿ ಪೋರ್ಚುಗೀಸರು, ಉತ್ತರಕ್ಕೆ ಬಿಜಾಪುರ, ಘಟ್ಟದ ಮೇಲೆ ಬೆಳೆಯುತ್ತಿದ್ದ ಕೆಳದಿ. ಈ ಮೂರರ ನಡುವೆ ಐದು ದಶಕ ಉಳಿದುಕೊಳ್ಳುವುದು ಸಣ್ಣ ಮಾತಲ್ಲ.

ಮರುದಿನ ಗೇರುಸೊಪ್ಪೆಗೆ ಹೋದೆವು. ಅಸಲಿನಲ್ಲಿ ಬಿಟ್ಟುಹೋದ ನಗರ ಅದೇ. ಶರಾವತಿಯ ದಡದ ಕಾಡಿನೊಳಗೆ ನಗರಬಸ್ತಿಕೇರಿ, ಹೆಸರಿನಲ್ಲಷ್ಟೇ ನಗರ. ಒಂದು ಕಾಲಕ್ಕೆ ಇಲ್ಲಿ ಲಕ್ಷ ಮನೆ, ಎಂಬತ್ತನಾಲ್ಕು ಗುಡಿ ಇದ್ದವು ಎಂದು ಜೈನರು ನಂಬುತ್ತಾರೆಂದು 1883ರ ಕೆನರಾ ಗೆಜೆಟಿಯರ್ ದಾಖಲಿಸಿದೆ. ಲಕ್ಷದ ಲೆಕ್ಕವನ್ನು ಯಾರೂ ಅಕ್ಷರಶಃ ನಂಬಬೇಕಿಲ್ಲ. ಆದರೆ ಮರದ ಬುಡದಲ್ಲಿ ಎಲ್ಲಿ ಕಾಲಿಟ್ಟರೂ ಅಡಿಪಾಯದ ಕಲ್ಲು ಎಡವುತ್ತದೆ. ನಡುವೆ ಚತುರ್ಮುಖ ಬಸದಿ, ಕಗ್ಗಲ್ಲಿನದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕು ಮುಖಕ್ಕೆ ನಾಲ್ಕು ತೀರ್ಥಂಕರರು. ಯಾವ ಕಡೆಯಿಂದ ಕ್ಯಾಮರಾ ಹಿಡಿದರೂ ಎದುರಿಗೆ ಒಬ್ಬರು ಕೂತಿರುತ್ತಾರೆ. ಸ್ವಲ್ಪ ದೂರದಲ್ಲಿ ಜ್ವಾಲಾಮಾಲಿನಿಯ ಗುಡಿಯಲ್ಲಿ ಮಾತ್ರ ಇವತ್ತಿಗೂ ಪೂಜೆ ನಡೆಯುತ್ತದೆ, ಜನ ಹರಕೆ ಹೊತ್ತು ಬರುತ್ತಾರೆ. ನಗರ ಹೋಗಿದೆ, ದೇವಿ ಹೋಗಿಲ್ಲ.

ಈ ಪಾಳು ನಗರದ ಮೊದಲ 'ಚಿತ್ರ' ತೆಗೆದವನು ನಮಗಿಂತ ನಾನೂರು ವರ್ಷ ಹಿಂದೆ ಬಂದವನು. ಪಿಯೆತ್ರೊ ದೆಲ್ಲ ವಾಲ್ಲೆ, ರೋಮಿನ ಶ್ರೀಮಂತ, ತಿರುಗುವ ಹುಚ್ಚಿನವನು. 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಗುಂಟ ಗೇರುಸೊಪ್ಪೆಗೆ ಬಂದು ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಹೊಳೆಯ ಚೆಲುವನ್ನು ಮೆಚ್ಚಿ ಬರೆದ. ಊರಿನ ಬಗ್ಗೆ ಬರೆದದ್ದು: ಇದು ಹಿಂದೆ ಹೆಸರಾಂತ ಪಟ್ಟಣ, ಒಬ್ಬ ರಾಣಿಯ ರಾಜಧಾನಿ, ಈಗ ಮನೆಗಳ ಅವಶೇಷದ ಮೇಲೆ ಮರ ಬೆಳೆದು ನಿಂತಿವೆ, ಉಳಿದದ್ದು ಕೆಲವು ರೈತರ ಗುಡಿಸಲು. ನಗರ ಬಿದ್ದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ನಮ್ಮ ಮಳೆಕಾಡಿಗೆ ಅಷ್ಟು ಸಾಕು.

ಬಿದ್ದದ್ದು ಹೇಗೆ ಎಂಬುದಕ್ಕೂ ಅವನೊಂದು ಕಥೆ ಕೊಡುತ್ತಾನೆ. ರಾಣಿ ಕೀಳುಕುಲದ ಒಬ್ಬ ಪರಸ್ಥಳದವನನ್ನು ಮೋಹಿಸಿ ರಾಜ್ಯವನ್ನು ಅವನ ಕೈಗೆ ಕೊಟ್ಟಳಂತೆ. ಅವನು ಅವಳ ಮೇಲೇ ತಿರುಗಿಬಿದ್ದನಂತೆ. ಈ ಜಗಳದಲ್ಲಿ ಕೆಳದಿಯ ವೆಂಕಟಪ್ಪ ನಾಯಕ ನುಗ್ಗಿ ರಾಜ್ಯ ಕಸಿದು, ನಗರ-ಅರಮನೆ ಕೆಡವಿ, ರಾಣಿಯನ್ನು ಸೆರೆಯೊಯ್ದನಂತೆ. ಅವಳು ಸೆರೆಯಲ್ಲೇ ತೀರಿಕೊಂಡಳಂತೆ. ಹೀಗೆ ಗಂಡನ್ನು ಆರಿಸಿಕೊಳ್ಳುವುದು ಈ ನಾಡಿನ ರಾಣಿಯರಿಗೆ ಅಪಮಾನದ ಸಂಗತಿಯಲ್ಲ ಎಂದು ಸೇರಿಸುವಷ್ಟು ನ್ಯಾಯಬುದ್ಧಿ ಅವನಿಗಿತ್ತು. ಆದರೂ ಕಥೆ ಅದೇ: ಹೆಣ್ಣು ಮೋಹಿಸಿದಳು, ರಾಜ್ಯ ಹೋಯಿತು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಈ ಕಥೆಯನ್ನು ಅವನಿಗೆ ಹೇಳಿದ್ದು ಯಾರು? ದೆಲ್ಲ ವಾಲ್ಲೆ ಒಬ್ಬನೇ ಬಂದವನಲ್ಲ. ಗೋವಾದಿಂದ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಬಂದವನು. ದಾರಿಯಲ್ಲಿ ಜೊತೆಗಿದ್ದವನು ನಾಯಕನ ಸ್ವಂತ ರಾಯಭಾರಿ ವಿಠಲ ಶೆಣೈ. ಒಂದು ಕಡೆ ಗೆದ್ದವನ ಮನುಷ್ಯ, ಇನ್ನೊಂದು ಕಡೆ ರಾಣಿಯ ಮೆಣಸಿಗಾಗಿ ಕಾದು ಕುಳಿತಿದ್ದವರ ಮನುಷ್ಯ. ಸೋತವಳ ಪರವಾಗಿ ಮಾತಾಡುವವರು ಆ ದೋಣಿಯಲ್ಲಿ ಇರಲಿಲ್ಲ. ಇನ್ನೊಂದು ಸರಳ ಲೆಕ್ಕ: 1552ರಲ್ಲಿ ಪಟ್ಟಕ್ಕೆ ಬಂದಾಗ ಅವಳಿಗೆ ಹದಿನೈದೇ ವರ್ಷ ಎಂದುಕೊಂಡರೂ 1606ಕ್ಕೆ ಅರವತ್ತೊಂಬತ್ತು. ಆ ವಯಸ್ಸಿನ ಮೋಹ ರಾಜ್ಯ ಮುಳುಗಿಸಿತು ಎನ್ನುವುದಕ್ಕಿಂತ, ಮೆಣಸಿನ ಕಾಡನ್ನೂ ಅದರ ಬಂದರನ್ನೂ ಹಿಡಿಯದೆ ಕೆಳದಿಗೆ ಬೆಳೆಯಲು ದಾರಿ ಇರಲಿಲ್ಲ ಎನ್ನುವುದು ನನಗೆ ಹೆಚ್ಚು ಸರಿಯಾಗಿ ಕಾಣುತ್ತದೆ. ಅಳಿಯಸಂತಾನದ ಈ ಮನೆತನದಲ್ಲಿ ಒಬ್ಬರಾದ ಮೇಲೆ ಒಬ್ಬರು ರಾಣಿಯರು ಆಳಿದ್ದರಿಂದ ಒಬ್ಬಳ ಕಥೆ ಇನ್ನೊಬ್ಬಳಿಗೆ ಅಂಟಿರುವ ಸಾಧ್ಯತೆಯೂ ಇದೆ. ದೆಲ್ಲ ವಾಲ್ಲೆಯ ಕಣ್ಣು ಕಂಡದ್ದನ್ನು ನಂಬುತ್ತೇನೆ: ಮರ, ಗುಡಿಸಲು, ಹೊಳೆ. ಕಿವಿ ಕೇಳಿದ್ದನ್ನು ಅಷ್ಟು ಸುಲಭಕ್ಕೆ ನಂಬಲಾರೆ. ಇತ್ತೀಚೆಗೆ ಗಜಾನನ ಶರ್ಮರ ಕಾದಂಬರಿ ಬಂದ ಮೇಲೆ ಕನ್ನಡದ ಓದುಗರು ಈ ರಾಣಿಯ ಕಡೆ ಮತ್ತೆ ತಿರುಗಿದ್ದಾರೆ. ಬಸದಿಯ ಬಳಿ ನಮಗೆ ಸಿಕ್ಕ ಇಬ್ಬರು ಹುಡುಗಿಯರು ಅದನ್ನು ಓದಿಯೇ ಹೊರಟು ಬಂದಿದ್ದರು.

ಊರು ಬಿಟ್ಟುಹೋಗಲು ಯಾವಾಗಲೂ ಯುದ್ಧವೇ ಬೇಕೆಂದಿಲ್ಲ. ಕುಮಟಾವನ್ನೇ ನೋಡಿ. ಅಮೆರಿಕದಲ್ಲಿ ಒಳಯುದ್ಧ ನಡೆದ 1861-65ರಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲವಾದಾಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಈ ಬಂದರಿನಿಂದ ಹೋಯಿತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಲಿವರ್‌ಪೂಲಿನ ಪೇಟೆಯಲ್ಲಿ ಅದರ ಹೆಸರು 'ಕೂಮ್ಟಾ' ಹತ್ತಿ. 1890ರ ಸುಮಾರಿಗೆ ಹುಬ್ಬಳ್ಳಿ ಕಡೆಯಿಂದ ಗೋವಾದ ಮುರಗಾಂವಿಗೆ ರೈಲು ಹೋದ ಮೇಲೆ ಎತ್ತಿನ ಗಾಡಿ ಘಟ್ಟ ಇಳಿಯುವುದು ಕಡಿಮೆಯಾಯಿತು. ಫಿರಂಗಿ ಹಾರಲಿಲ್ಲ, ದಾರಿ ಬದಲಾಯಿತು, ಅಷ್ಟೇ. ಮಿರ್ಜಾನದ ಅಳಿವೆಯ ಮೆಣಸು ನಿಂತದ್ದೂ ಹೆಚ್ಚುಕಡಿಮೆ ಇಂಥ ಕಾರಣಕ್ಕೇ ಇರಬೇಕು ಎಂದು ನನ್ನ ಊಹೆ.

ಮೂರನೆಯ ದಿನ ಕೋಟೆ-ಬಸದಿ ಬಿಟ್ಟು ಹೆದ್ದಾರಿಯ ಪಕ್ಕ ನಡೆದೆವು. ಹೆದ್ದಾರಿ 66 ನಾಲ್ಕು ಪಥವಾಗುವಾಗ ದಾರಿಯುದ್ದಕ್ಕೂ ಮನೆ-ಅಂಗಡಿಗಳು ಹೋದವು. ಕೆಲವು ಪೂರ್ತಿ, ಕೆಲವು ಅರ್ಧ. ಮುಂದಿನ ಜಗಲಿ ರಸ್ತೆಗೆ ಹೋಗಿ ಹಿಂದಿನ ಅಡುಗೆಮನೆ ಮಾತ್ರ ನಿಂತ ಮನೆ ನೋಡಿದ್ದೀರಾ? ಕಡಿದ ಜಾಗದಲ್ಲಿ ಗೋಡೆಯ ಒಳಹೊಟ್ಟೆ ಕಾಣುತ್ತದೆ: ಅದೇ ಚಿರೇಕಲ್ಲು, ನಡುವೆ ಮಣ್ಣು, ಮೇಲೆ ಸುಣ್ಣ, ಅದರ ಮೇಲೆ ನೀಲಿ ಬಣ್ಣ, ದೇವರ ಪಟ ತೂಗಿದ್ದ ಮೊಳೆ. ಹೊಸದಾಗಿ ಕಡಿದ ಕಲ್ಲು ಇನ್ನೂ ಕೆಂಪಗಿತ್ತು. ನಾಲ್ಕು ಮಳೆ ಕಂಡರೆ ಕೋಟೆಯ ಗೋಡೆಯ ಹಾಗೇ ಕಪ್ಪಾಗುತ್ತದೆ. ಇಂಥವಕ್ಕೆ ಫಲಕವೂ ಇಲ್ಲ, ಕಾವಲುಗಾರನೂ ಇಲ್ಲ. ಧಾರವಾಡದ ಗೆಳೆಯ ಇಂಥ ಹನ್ನೊಂದು ಮನೆಗಳ ಚಿತ್ರ ತೆಗೆದ. ಒಳಗೆ ಹೋಗಲಿಲ್ಲ; ಖಾಲಿ ಮನೆಗೂ ಯಜಮಾನರು ಇರುತ್ತಾರೆ. ಪಕ್ಕದವರನ್ನು ಕೇಳಿ ಪ್ರತಿ ಚಿತ್ರದ ಕೆಳಗೆ ಬರೆದುಕೊಂಡ: ಮನೆ ಕಟ್ಟಿದ್ದು ಯಾವಾಗ, ಎಷ್ಟು ಜನ ಇದ್ದರು, ಈಗ ಎಲ್ಲಿದ್ದಾರೆ. ಮೂರು ಮನೆಯವರು ಅದೇ ಊರಿನಲ್ಲಿ ಒಳಗಡೆ ಜಾಗ ನೋಡಿಕೊಂಡಿದ್ದರು, ನಾಲ್ಕು ಮನೆಯವರು ಕುಮಟಾ ಪೇಟೆಗೆ, ಎರಡು ಮನೆಯವರು ಮಕ್ಕಳ ಜೊತೆ ಮುಂಬಯಿಗೆ. ಉಳಿದ ಎರಡು ಮನೆಗಳ ಬಗ್ಗೆ ಕೇಳಲು ಮಳೆಗೆ ಮುಂಚೆ ಇನ್ನೊಮ್ಮೆ ಹೋಗುವುದಿದೆ.