ಗ್ರಾಮ ಅರಣ್ಯ ಸಮಿತಿಯ ಎಲ್ಲೆ ಮತ್ತು ಆನೆಯ ಹಾದಿ: ಬಂಗಾರಪೇಟೆಯ ಕಾಮಸಮುದ್ರ ಗಡಿಯನ್ನು ಕುರಿತು

ವನ್ಯಜೀವಿ ಸಂರಕ್ಷಣೆಯಲ್ಲಿ ಊರವರಿಗೂ ಪಾಲಿರಬೇಕೆಂಬುದು ಈಗ ವಿವಾದದ ಮಾತಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ, ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆ ಕುರಿತ ಕರ್ನಾಟಕದ 1993ರ ಆದೇಶ, 2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ಒಪ್ಪಿವೆ. ಆ ಪಾಲುದಾರರನ್ನು ಗುರುತಿಸುವುದು ಹೇಗೆಂಬ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ.

ಸಾಮುದಾಯಿಕ ಸಂಪನ್ಮೂಲಗಳ ನಿರ್ವಹಣೆಗೆ ಎಲಿನಾರ್ ಆಸ್ಟ್ರಮ್ 1990ರಲ್ಲಿ ಮಂಡಿಸಿದ ಎಂಟು ಸೂತ್ರಗಳಲ್ಲಿ ಮೊದಲನೆಯದು ಸಂಪನ್ಮೂಲದ ಎಲ್ಲೆಯೂ ಬಳಕೆದಾರರ ಎಲ್ಲೆಯೂ ಸ್ಪಷ್ಟವಾಗಿರಬೇಕು ಎನ್ನುತ್ತದೆ. ಕೆರೆ, ಗೋಮಾಳಗಳಿಗೆ ಇದು ಸರಿ. ಕೆಜಿಎಫ್ ಸುತ್ತಲ ಬಯಲಿನ ಕೃಷ್ಣಮೃಗಗಳಿಗೂ ಒಂದು ಮಟ್ಟಿಗೆ ಹೊಂದೀತು. ಅವುಗಳ ನೆಲೆ ಸೀಮಿತ. ಕಾಮಸಮುದ್ರದ ಆನೆಗಳಿಗೆ ಇದು ಹೊಂದದು ಎಂಬುದು ನನ್ನ ವಾದ.

ಇಲ್ಲಿನ ಕುರುಚಲು ಕಾಡು ತಮಿಳುನಾಡು, ಆಂಧ್ರಗಳ ಗಡಿಯಲ್ಲಿದೆ. 1980ರ ದಶಕದಲ್ಲಿ ತಮಿಳುನಾಡಿನ ಹೊಸೂರು–ಧರ್ಮಪುರಿ ಕಡೆಯ ಆನೆಗಳು ಆಂಧ್ರದ ಚಿತ್ತೂರು ಜಿಲ್ಲೆಗೆ ಹಬ್ಬಿದವು. 1990ರಲ್ಲಿ ಅಲ್ಲಿ ಕೌಂಡಿನ್ಯ ವನ್ಯಜೀವಿಧಾಮ ಘೋಷಣೆಯಾಯಿತು. ಕಾಡಿನ ಮೇವಿಗಿಂತ ಬೆಳೆಯಲ್ಲಿ ಪೌಷ್ಟಿಕಾಂಶ ಹೆಚ್ಚೆಂಬುದನ್ನು ಆನೆ ತಜ್ಞ ರಾಮನ್ ಸುಕುಮಾರ್ ಅವರ ಅಧ್ಯಯನ ತೋರಿಸಿದೆ. ರಾಗಿ ತೆನೆ ಬಲಿತಾಗ ಹಿಂಡು ಹೊಲಕ್ಕಿಳಿಯುತ್ತದೆ. ತೆನೆಯನ್ನಷ್ಟೇ ಅಲ್ಲ, ಕೊಯ್ದು ಒಟ್ಟಿದ ಮೆದೆಯನ್ನೂ ಎಳೆದು ತುಳಿಯುತ್ತದೆ. ರೈತ ಅಟ್ಟಣೆಯ ಮೇಲೆ ಪಟಾಕಿ ಹಿಡಿದು ಕಾಯುತ್ತಾನೆ. ಇಲ್ಲಿಂದ ಓಡಿಸಿದ ಹಿಂಡು ಗಡಿಯಾಚೆಯ ಇನ್ನೊಬ್ಬ ರೈತನ ಹೊಲ ಸೇರಬಹುದು.

ಜಂಟಿ ಅರಣ್ಯ ಯೋಜನೆಯಡಿ ರಚನೆಯಾಗುವ ಗ್ರಾಮ ಅರಣ್ಯ ಸಮಿತಿ ಹಂಚುವುದು ಕಾಡಿನ ಉತ್ಪನ್ನವನ್ನು. ರೈತನಿಗೆ ನಷ್ಟವಾಗುವುದು ಪಟ್ಟಾ ಜಮೀನಿನಲ್ಲಿ. ಲಾಭ, ನಷ್ಟಗಳು ಒಂದೇ ಎಲ್ಲೆಯೊಳಗೆ ಬಾರದಿದ್ದರೆ ಸಮಿತಿಗೆ ಬಲ ಬರುವುದಿಲ್ಲ. ಆದ್ದರಿಂದ ಆಸ್ಟ್ರಮ್‌ ಕೊನೆಗಿಟ್ಟ ಎಂಟನೆಯ ಸೂತ್ರವೇ, ಅಂದರೆ ಹಂತಹಂತವಾಗಿ ಹೆಣೆದ ಸಂಸ್ಥೆಗಳ ವ್ಯವಸ್ಥೆಯೇ, ಇಲ್ಲಿ ಮೊದಲಾಗಬೇಕು: ಮೊದಲು ಆನೆಯ ಹಾದಿಗೊಂದು ಅಂತರರಾಜ್ಯ ಸಮಿತಿ, ಅದರಡಿ ಊರಿನ ಸಮಿತಿಗಳು.

ಇದನ್ನು ಎಲ್ಲ ಕಾಡುಗಳಿಗೂ ಅನ್ವಯಿಸುವ ಉದ್ದೇಶ ನನಗಿಲ್ಲ. ಸೂತ್ರಗಳ ಕ್ರಮಸಂಖ್ಯೆಯೇ ಆದ್ಯತೆಯ ಕ್ರಮವೆಂದು ಆಸ್ಟ್ರಮ್‌ ಹೇಳಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ನನ್ನ ತಕರಾರು ಬಹುಶಃ ಅವರಿಗಿಂತ ಅವರ ಮೊದಲ ಸೂತ್ರವನ್ನಷ್ಟೇ ಹಿಡಿದ ಆಡಳಿತದ ಮೇಲೆ. ದೊಡ್ಡ ಸಮಿತಿಯಲ್ಲಿ ಊರಿನ ದನಿ ಅಡಗುವ ಅಪಾಯವೂ ಇದೆ.

ಇಂಥ ಸಮಿತಿಗೆ ಕಾನೂನಿನಲ್ಲಿ ಒಂದು ಮಾದರಿಯಿದೆ: ವನ್ಯಜೀವಿ ಕಾಯ್ದೆಯ 36ಬಿ ಕಲಂ ಸಂರಕ್ಷಣಾ ಮೀಸಲು ಪ್ರದೇಶದ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳಿಗೂ ಕೃಷಿ ಇಲಾಖೆಗೂ ಸ್ಥಾನ ಕೊಟ್ಟಿದೆ. ಹೊಲದ ಮಾತಿಗೆ ಅಲ್ಲಿ ಜಾಗವಿದೆ. ಆದರೆ ಸಮಿತಿಯನ್ನು ರಚಿಸುವುದು ಆಯಾ ರಾಜ್ಯ ಸರ್ಕಾರ. ಮೂರು ರಾಜ್ಯಗಳ ಪಂಚಾಯಿತಿಗಳನ್ನು ಯಾವ ಕಾನೂನಿನಡಿ ಒಟ್ಟು ಕೂರಿಸುವುದು, ಬೆಳೆ ಪರಿಹಾರದ ಹೊಣೆಯನ್ನು ಹೇಗೆ ಹಂಚುವುದು ಎಂಬುದನ್ನು ಈ ಲೇಖನ ಬಗೆಹರಿಸಿಲ್ಲ.