ವೈದ್ಯಕೀಯ ಓದಲು ಬಯಸುವವರಿಗೆ ಪಿಯು ಕಾಲೇಜಿನ ಆಯ್ಕೆ

ಎಸ್ಸೆಸ್ಸೆಲ್ಸಿ ಮುಗಿಸಿ ಡಾಕ್ಟರ್ ಆಗಬೇಕೆಂದು ಬಯಸುವ ಮಕ್ಕಳಿಗೆ ಪಿಯುಸಿಯ ಎರಡು ವರ್ಷ ಬಹುಮುಖ್ಯ. ಹೆಚ್ಚಿನ ಪಾಲಕರು ಕಾಲೇಜಿನ ಜಾಹೀರಾತಿನಲ್ಲಿರುವ ರ‍್ಯಾಂಕ್ ವಿಜೇತರ ಭಾವಚಿತ್ರ ನೋಡಿ ನಿರ್ಧರಿಸುತ್ತಾರೆ. ಆದರೆ ನೋಡಬೇಕಾದದ್ದು ಸಾಮಾನ್ಯ ವಿದ್ಯಾರ್ಥಿಯ ದಿನಚರಿ ಅಲ್ಲಿ ಹೇಗಿರುತ್ತದೆ ಎಂಬುದನ್ನು.

ಪರೀಕ್ಷೆಯ ಸ್ವರೂಪ

ಎಂಬಿಬಿಎಸ್, ಬಿಡಿಎಸ್ ಮತ್ತು ಬಿಎಎಂಎಸ್ ಪ್ರವೇಶಕ್ಕೆ ನೀಟ್ ಕಡ್ಡಾಯ. 180 ಪ್ರಶ್ನೆ, 720 ಅಂಕ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ತಲಾ 45, ಜೀವಶಾಸ್ತ್ರಕ್ಕೆ 90 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಸೀಟು ಸಿಗುವುದು ನೀಟ್ ರ‍್ಯಾಂಕ್ ಮೇಲಾದರೂ, ದ್ವಿತೀಯ ಪಿಯುಸಿಯ ಈ ಮೂರು ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಒಟ್ಟು ಶೇ 50 ಅಂಕ ಬೇಕೇ ಬೇಕು. ಹಾಗಾಗಿ ಬೋರ್ಡ್ ಪಾಠವನ್ನು ಕಡೆಗಣಿಸಿ ಕೋಚಿಂಗ್ ಮಾತ್ರ ನಡೆಸುವ ಕಾಲೇಜು ಸೂಕ್ತವಲ್ಲ.

ವಿಷಯ ಸಂಯೋಜನೆ

ಪಿಸಿಎಂಬಿ ಆಯ್ದುಕೊಂಡರೆ ವೈದ್ಯಕೀಯ, ಎಂಜಿನಿಯರಿಂಗ್ ಎರಡೂ ದಾರಿ ತೆರೆದಿರುತ್ತವೆ. ಗಣಿತ ಬಿಟ್ಟರೆ ಜೀವಶಾಸ್ತ್ರಕ್ಕೆ ಹೆಚ್ಚು ಸಮಯ ಸಿಗುತ್ತದೆ, ಎಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ. ಬಿ.ಫಾರ್ಮ, ಪಶುವೈದ್ಯಕೀಯ, ಕೃಷಿ ವಿಜ್ಞಾನಗಳಿಗೆ ರಾಜ್ಯದ ಸಿಇಟಿ ಇದೆ. ವೈದ್ಯಕೀಯ ಸೀಟು ತಪ್ಪಿದರೆ ಮುಂದೇನು ಎಂಬುದನ್ನು ಪ್ರವೇಶದ ದಿನವೇ ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು.

ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

- ಕಳೆದ ವರ್ಷ ನೀಟ್ ಬರೆದವರು ಎಷ್ಟು ಮಂದಿ? ಸರ್ಕಾರಿ ಕೋಟಾದಲ್ಲಿ ಸೀಟು ಪಡೆದವರು ಎಷ್ಟು?
- ಮೇಲಿನ ಬ್ಯಾಚಿಗೂ ಉಳಿದ ಬ್ಯಾಚುಗಳಿಗೂ ಪಾಠ ಮಾಡುವವರು ಒಬ್ಬರೇ ಉಪನ್ಯಾಸಕರೇ?
- ಪ್ರಯೋಗಾಲಯದ ತರಗತಿ ನಿಜವಾಗಿ ನಡೆಯುತ್ತದೆಯೇ? ಪಿಯುನಲ್ಲಿ ಪ್ರಯೋಗಕ್ಕೆ 30 ಅಂಕವಿದೆ.
- ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ತಿಂಗಳುಗಳಲ್ಲಿ ಯಾವ ನೆರವಿದೆ? ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಲಭ್ಯ, ಆದರೆ ತರಗತಿಯ ಪಾಠ ಬಹುತೇಕ ಇಂಗ್ಲಿಷಿನಲ್ಲೇ.
- ನಡುವೆ ಬಿಟ್ಟರೆ ಶುಲ್ಕ ವಾಪಸು ಎಷ್ಟು? ಲಿಖಿತವಾಗಿ ಕೊಡುತ್ತಾರೆಯೇ?

ಹಾಜರಾತಿ ಬೇಡ, ಹೆಸರು ನೋಂದಾಯಿಸಿದರೆ ಸಾಕು ಎನ್ನುವವರಿಂದ ದೂರವಿರಬೇಕು. ಹಾಜರಾತಿ ಶೇ 75 ಇಲ್ಲದಿದ್ದರೆ ಪಿಯು ಪರೀಕ್ಷೆಗೇ ತೊಡಕು.

ಹಾಸ್ಟೆಲ್ ಮತ್ತು ಊಟ

ಸಂಜೆಯ ತರಗತಿ ಏಳಕ್ಕೆ ಮುಗಿದು ಎಂಟಕ್ಕೆ ಊಟವೆಂದರೆ, ಸೂರ್ಯಾಸ್ತದೊಳಗೆ ಉಣ್ಣುವ ನಿಯಮದ ಮಗು ಎರಡು ವರ್ಷ ಹಸಿದು ಓದಬೇಕಾಗುತ್ತದೆ, ಇಲ್ಲವೇ ನಿಯಮ ಬಿಡಬೇಕಾಗುತ್ತದೆ. ಸಂಜೆ ಬೇಗ ಊಟ ಕೊಡುತ್ತಾರೆಯೇ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಅಡುಗೆ ನಿತ್ಯವೂ ಇರುತ್ತದೆಯೇ, ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದರೆ ಕಿರುಪರೀಕ್ಷೆಗೆ ವಿನಾಯಿತಿ ಉಂಟೇ ಎಂದು ವಾರ್ಡನ್‌ರನ್ನೇ ಕೇಳಬೇಕು. ಈಗಾಗಲೇ ಅಲ್ಲಿರುವ ಮಕ್ಕಳನ್ನೂ ವಿಚಾರಿಸಬೇಕು. ಮನೆಯಿಂದ ಓಡಾಡುವಷ್ಟು ದೂರದಲ್ಲಿ ಉತ್ತಮ ಉಪನ್ಯಾಸಕರಿರುವ ಕಾಲೇಜಿದ್ದರೆ, ದೂರದ ಹೆಸರಾಂತ ಹಾಸ್ಟೆಲಿಗಿಂತ ಅದೇ ಮೇಲಾಗಬಹುದು. ಎರಡು ವರ್ಷ ಮಗುವಿನ ನಿದ್ದೆ, ಊಟ, ಮನಸ್ಸಿನ ನೆಮ್ಮದಿ ಅಂಕದಷ್ಟೇ ಮುಖ್ಯ.

ದಾಖಲೆಗಳು

ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು 3ಬಿ ಪ್ರವರ್ಗದಲ್ಲಿದ್ದಾರೆ. ಮೀಸಲಾತಿ ಕೋರುವವರು ಆದಾಯ ಮಿತಿಯನ್ನು ಗಮನಿಸಿ, ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇರಲಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಜೈನರಿಗೆ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತಿದೆ. ಸೀಟು ಸಿಕ್ಕ ಬಳಿಕ ಶುಲ್ಕಕ್ಕೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೂ ಅರ್ಜಿ ಹಾಕಬಹುದು.

ಬೇರೆ ರಾಜ್ಯದ ಕೋಚಿಂಗಿಗೆ ಕಳಿಸುವ ಯೋಚನೆಯಿದ್ದರೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವ್ಯಾಸಂಗ ಅರ್ಹತೆಯ ಷರತ್ತುಗಳನ್ನು ಮೊದಲು ಓದಬೇಕು. ಸರ್ಕಾರಿ ಕಾಲೇಜುಗಳ ಶೇ 85 ಸೀಟು ರಾಜ್ಯದ ಪಾಲಿನವು. ಆ ಹಕ್ಕು ಕೈತಪ್ಪಬಾರದು.